ಕಿನ್‌ಲಾಕ್‌ಲೆವೆನ್‌ಗೆ ಒಂದು ದಿನ ಕೊಡಬೇಕಾ?

ಪರ: ಕೊಡಿ, ಆದರೆ ಅಣೆಕಟ್ಟಿನವರೆಗೂ ನಡೆಯಿರಿ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ಗೆ ಹೋದವರು ಗ್ಲೆನ್‌ಕೋ ಕಣಿವೆಯಲ್ಲಿ ಕಾರು ನಿಲ್ಲಿಸಿ, ಫೋಟೊ ತೆಗೆದು, ಮುಂದೆ ಓಡುತ್ತಾರೆ. ಗ್ಲೆನ್‌ಕೋ ಹಳ್ಳಿಯಿಂದ ಸುಮಾರು 11 ಕಿ.ಮೀ. ಒಳಗೆ ಹೋದರೆ, ಒಳನಾಡಿಗೆ ಚಾಚಿದ ಸಮುದ್ರದ ತುದಿಯಲ್ಲಿ ಕಿನ್‌ಲಾಕ್‌ಲೆವೆನ್ ಇದೆ. ಸುತ್ತ ಗುಡ್ಡಗಳು, ಊರಿನ ಪಕ್ಕದಲ್ಲೇ ಜಲಪಾತ. ಹಾಗಂತ ಚಂದ ನೋಡಿ ಯಾರೂ ಈ ಊರು ಕಟ್ಟಲಿಲ್ಲ. ಅಲ್ಯೂಮಿನಿಯಂಗಾಗಿ ಕಟ್ಟಿದರು.

ಮೊದಲು ಹೊಳೆಯ ಆಚೆ ಈಚೆ ಎರಡು ಪುಟ್ಟ ಹಳ್ಳಿಗಳಿದ್ದವು, ಅಷ್ಟೇ. ಅಲ್ಯೂಮಿನಿಯಂ ಕರಗಿಸಿ ತೆಗೆಯಲು ವಿಪರೀತ ಕರೆಂಟ್ ಬೇಕು. ಇಲ್ಲಿ ಮಳೆಗೂ ಬರವಿಲ್ಲ, ಇಳಿಜಾರಿಗೂ ಬರವಿಲ್ಲ. ಹಾಗಾಗಿ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿ 1905ರ ಹೊತ್ತಿಗೆ ಬಂದು ಬ್ಲಾಕ್‌ವಾಟರ್ ಅಣೆಕಟ್ಟು ಕಟ್ಟಿಸತೊಡಗಿತು. ಉದ್ದ 900 ಮೀಟರಿಗೂ ಜಾಸ್ತಿ. ಕಟ್ಟಿದ್ದು ಊರೂರು ಅಲೆದು ಮಣ್ಣು ಕೆಲಸ ಮಾಡುತ್ತಿದ್ದ ಸುಮಾರು 3000 ಕೂಲಿಯಾಳುಗಳು. ಹೆಚ್ಚಿನ ಕೆಲಸ ಗುದ್ದಲಿ, ಸಲಿಕೆಯಲ್ಲೇ ಆಯಿತು. ಅಣೆಕಟ್ಟಿನ ಹತ್ತಿರ ಅವರ ಪುಟ್ಟ ಸ್ಮಶಾನವಿದೆ. ಸಮಾಧಿಗಳ ಮೇಲೆ ಕಲ್ಲಲ್ಲ, ಕಾಂಕ್ರೀಟಿನ ಹಲಗೆಗಳು. ಒಂದರ ಮೇಲೆ ಹೆಸರೇ ಇಲ್ಲ, 'ಗೊತ್ತಿಲ್ಲ' ಎಂದಷ್ಟೇ ಬರೆದಿದೆ. ನನ್ನನ್ನು ಕೇಳಿದರೆ, ಈ ಊರಿನಲ್ಲಿ ಜಲಪಾತಕ್ಕಿಂತ ಮೊದಲು ನೋಡಬೇಕಾದ ಜಾಗ ಇದು.

ಕಾರ್ಖಾನೆ 1909ರಲ್ಲಿ ಶುರುವಾಯಿತು. ಮನೆಮನೆಗೂ ವಿದ್ಯುತ್ ಬಂದು 'ಎಲೆಕ್ಟ್ರಿಕ್ ವಿಲೇಜ್' ಎಂಬ ಅಡ್ಡಹೆಸರೂ ಅಂಟಿಕೊಂಡಿತು. 2000ದ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಆದರೆ ಅಣೆಕಟ್ಟಿನ ನೀರು ಗುಡ್ಡದಿಂದ ಇಳಿಯುವ ದಪ್ಪ ಕೊಳವೆಗಳಲ್ಲಿ ಹರಿಯುವುದು ನಿಂತಿಲ್ಲ. ಆ ನೀರಿನಿಂದ ಹುಟ್ಟುವ ಕರೆಂಟ್ ಈಗ ಹತ್ತಿರದ ಫೋರ್ಟ್ ವಿಲಿಯಂ ಪಟ್ಟಣದ ಅಲ್ಯೂಮಿನಿಯಂ ಕಾರ್ಖಾನೆಗೆ ಹೋಗುತ್ತದೆ. ಕೊಳವೆ ಫೋಟೊದಲ್ಲಿ ಬಾರದಂತೆ ಕ್ಯಾಮೆರಾ ಓರೆ ಮಾಡಿದರೆ ಊರಿನ ಅರ್ಧ ಕಥೆಯೇ ಹೋಯಿತು, ಅಲ್ವಾ?

ವಿರೋಧ: ವಾರದ ಪ್ರವಾಸಕ್ಕೆ ಗ್ಲೆನ್‌ಕೋ ಪಕ್ಕದ ಬಲ್ಲಾಚುಲಿಶ್ ಹಳ್ಳಿ ಸಾಕು

ಕಥೆ ಚೆನ್ನಾಗಿದೆ, ಒಪ್ಪೋಣ. ಆದರೆ ವಾರದ ರಜೆಯಲ್ಲಿ ಎಡಿನ್‌ಬರೊ, ಸ್ಕೈ ದ್ವೀಪ, ಇನ್ವರ್ನೆಸ್ ಎಲ್ಲವನ್ನೂ ತುರುಕಿಕೊಂಡು ಬಂದವರ ಕೈಯಲ್ಲಿ ಒಂದಿಡೀ ದಿನ ಎಲ್ಲಿದೆ? ಆ ಅಣೆಕಟ್ಟೇನೂ ಊರೊಳಗಿಲ್ಲ. ಗುಡ್ಡ ಹತ್ತಿ ಕಿಲೋಮೀಟರುಗಟ್ಟಲೆ ನಡೆಯಬೇಕು. ಚಳಿಗಾಲದಲ್ಲಿ ಬೇಗ ಕತ್ತಲು. ಬೇಸಿಗೆಯಲ್ಲಿ ಮಿಜ್ ಎಂಬ ಸಣ್ಣ ನುಸಿಯ ಕಾಟ. ಕಾರಿನಲ್ಲಿ ಬಂದು, ಕೆಳಗಿನ ಬೀದಿ ಸುತ್ತಿ, ಚಹಾ ಕುಡಿದು ಹೊರಟರೆ ನೋಡಿದ್ದೇನು? ಕಂಪನಿ ಕಟ್ಟಿಸಿದ ಸಾಲುಮನೆಗಳು.

1975ರಲ್ಲಿ ಆ ಸಮುದ್ರದ ಚಾಚಿಗೆ ಅಡ್ಡಲಾಗಿ ಬಲ್ಲಾಚುಲಿಶ್ ಸೇತುವೆ ಆಗುವ ಮುಂಚೆ, ದಾಟಿಸುವ ದೋಣಿಗೆ ಕಾಯಲು ಮನಸ್ಸಿಲ್ಲದವರು ಕಿನ್‌ಲಾಕ್‌ಲೆವೆನ್ ಸುತ್ತಿಕೊಂಡೇ ಹೋಗಬೇಕಿತ್ತು. ಈಗ ಆ ಸುತ್ತು ಬೇಕಿಲ್ಲ.

ಕೈಗಾರಿಕೆಯ ಇತಿಹಾಸವೇ ಬೇಕಾದರೆ ಬಲ್ಲಾಚುಲಿಶ್‌ನಲ್ಲೇ ಇಳಿಯಿರಿ. ಹೆದ್ದಾರಿ ಪಕ್ಕದಲ್ಲೇ ಸ್ಲೇಟ್ ಕಲ್ಲಿನ ಗಣಿ ಇದೆ. 1693ರಿಂದ 1955ರವರೆಗೆ ಇಲ್ಲಿ ಚಾವಣಿ ಕಲ್ಲು ಸೀಳಿದರು. ಕಡಿದ ಬಂಡೆ ಗೋಡೆಗಳ ನಡುವೆ ಸುಮ್ನೆ ಅಡ್ಡಾಡಬಹುದು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೂ ತೊಂದರೆಯಿಲ್ಲ. ಒಂದು ಗಂಟೆ ಸಾಕು.

ಕಿನ್‌ಲಾಕ್‌ಲೆವೆನ್ ನಡೆಯುವವರ ಊರು. ಗ್ಲಾಸ್ಗೋ ಬಳಿಯ ಮಿಲ್‌ಗೈನಿಂದ ಫೋರ್ಟ್ ವಿಲಿಯಂವರೆಗಿನ 154 ಕಿ.ಮೀ. ವೆಸ್ಟ್ ಹೈಲ್ಯಾಂಡ್ ವೇ ಹಾದಿ ಈ ಊರೊಳಗೇ ಹಾದು ಹೋಗುತ್ತದೆ. ಬೆನ್ನಿಗೆ ಚೀಲ ಹಾಕಿ ಆ ಹಾದಿ ಹಿಡಿಯುವ ಉಮೇದು ಇದ್ದರೆ ಬನ್ನಿ. ಬಾಡಿಗೆ ಕಾರಿನವರು ಪೆಟ್ರೋಲನ್ನು ಸ್ಕೈಗೆ ಉಳಿಸಿಕೊಳ್ಳಿ.