ಅಗ್ಗದ ಮನೆಗೆ ಗಾಳಿ ಬೆಳಕು ಬೇಡವೇ?

ಕಡಿಮೆ ಆದಾಯದವರಿಗಾಗಿ ಕಟ್ಟುವ ಮನೆಗಳ ನಕ್ಷೆ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಕಿಟಕಿಗಳ ಕಡೆಗೆ. ಎಷ್ಟಿವೆ ಎನ್ನುವುದಕ್ಕಿಂತ ಎಲ್ಲಿವೆ ಎನ್ನುವುದು ಮುಖ್ಯ. ಇರುವ ಕಿಟಕಿಗಳೆಲ್ಲ ಒಂದೇ ಗೋಡೆಯಲ್ಲಿದ್ದರೆ ಗಾಳಿ ಮನೆಯೊಳಗೆ ಇಣುಕುತ್ತದೆಯೇ ಹೊರತು ಹಾಯುವುದಿಲ್ಲ. ಕಾರಿಡಾರಿನ ಎರಡೂ ಬದಿಗೆ ಸಾಲಾಗಿ ಮನೆ ಜೋಡಿಸಿದರೆ ಅದೇ ಜಾಗದಲ್ಲಿ ನಾಲ್ಕು ಮನೆ ಹೆಚ್ಚು ಹಿಡಿಯುತ್ತವೆ, ನಿಜ. ಆದರೆ ಆ ಲೆಕ್ಕದಲ್ಲಿ ಪ್ರತಿಯೊಂದು ಮನೆಯೂ ತನ್ನ ಎದುರು ಕಿಟಕಿಯನ್ನು ಕಳೆದುಕೊಳ್ಳುತ್ತದೆ.

ಅಡುಗೆಯ ಹಬೆ, ಸ್ನಾನದ ಹಬೆ, ಹಗ್ಗದ ಮೇಲಿನ ಒದ್ದೆ ಬಟ್ಟೆಯ ತೇವ ಎಲ್ಲವೂ ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ಗೋಡೆಯ ಮೇಲೆ ಕೂರುತ್ತವೆ. ಅಲ್ಲಿ ಬೂಷ್ಟು ಹಿಡಿಯುತ್ತದೆ, ಆ ಕೋಣೆಯಲ್ಲಿ ಮಲಗುವ ಮಗುವಿನ ಕೆಮ್ಮು ನಿಲ್ಲುವುದಿಲ್ಲ. ಆಗ ಮನೆಯವರಿಗೇ ಸ್ವಚ್ಛತೆಯ ಪಾಠ ಹೇಳುತ್ತಾರಲ್ಲ, ಅದು ನನ್ನನ್ನು ಕೆರಳಿಸುತ್ತದೆ. ತಪ್ಪು ನಕ್ಷೆಯದು.

'ಹಸಿರು ಮನೆ' ಎಂದರೆ ಚಾವಣಿಯ ಮೇಲೆ ಸೌರಫಲಕ ಇಟ್ಟರೆ ಮುಗಿಯಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಬಿಸಿಲಿನ ಪ್ರದೇಶದಲ್ಲಿ ಕಾಂಕ್ರೀಟ್ ಚಾವಣಿ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಮನೆಯೊಳಗೆ ಬಿಡುತ್ತದೆ. ಚಾವಣಿಗೆ ಬಿಳಿ ಲೇಪನ, ಕಿಟಕಿಯ ಮೇಲೆ ಅಗಲವಾದ ಸಜ್ಜಾ, ಪಶ್ಚಿಮದ ಗೋಡೆಗೆ ನೆರಳು: ಮೊದಲು ಬೇಕಾದದ್ದು ಇವು. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದೂ ಇವುಗಳಿಗೇ. ಅಲ್ಲಿ ಉಳಿಸಿದ ಹಣವನ್ನು ಆ ಮನೆಯವರು ವಿದ್ಯುತ್ ಬಿಲ್ಲಾಗಿ ವರ್ಷಾನುಗಟ್ಟಲೆ ತೆರುತ್ತಾರೆ. ಚಳಿಯ ದೇಶಗಳಲ್ಲೂ ಕಥೆ ಇದೇ, ಅಲ್ಲಿ ಬಿಲ್ಲು ಬರುವುದು ಮನೆ ಬೆಚ್ಚಗಿಡಲು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆನ್ನುತ್ತದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ನಗರಾಡಳಿತವೇ ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಬಾಡಿಗೆ ಮನೆಗಳು ತೀರಾ ಕಡಿಮೆ ಇಂಧನದಲ್ಲಿ ಬೆಚ್ಚಗಿರುತ್ತವೆ. 2019ರಲ್ಲಿ ಅವುಗಳಿಗೆ ಬ್ರಿಟನ್ನಿನ ವಾಸ್ತುಶಿಲ್ಪದ ಹಿರಿಯ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಬಡವರ ಮನೆಗೆ ಇಷ್ಟೇ ಸಾಕು ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಒಳಗೆ ಬಳಸುವ ಸಾಮಗ್ರಿಯ ವಿಚಾರವೂ ಇದೆ. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡ ಅಮೆರಿಕನ್ನರಿಗೆ ಕೊಟ್ಟ ಟ್ರೈಲರ್ ಮನೆಗಳಲ್ಲಿ ಫಾರ್ಮಾಲ್ಡಿಹೈಡ್ ಅತಿಯಾಗಿ ಕಂಡುಬಂದಿತ್ತು. ಅಂಟು ಹಾಕಿ ಒತ್ತಿದ ಅಗ್ಗದ ಮರದ ಹಲಗೆಗಳಿಂದ ಹೊಮ್ಮುವ, ಆರೋಗ್ಯಕ್ಕೆ ಹಾನಿಕರವಾದ ಅನಿಲ ಅದು.

ಹಣ ಕಡಿಮೆಯಿದ್ದಾಗ ಏನು ಮಾಡಬೇಕು? ಚಿಲಿಯ ಇಕಿಕೆಯಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ತಂಡ 93 ಕುಟುಂಬಗಳಿಗೆ ಅವರು ಮೊದಲಿದ್ದ ಜಾಗದಲ್ಲೇ, ಊರ ನಡುವೆಯೇ, ಅರ್ಧ ಮನೆ ಕಟ್ಟಿಕೊಟ್ಟಿತು. ಗಟ್ಟಿ ಚೌಕಟ್ಟು, ಅಡುಗೆಮನೆ, ಬಚ್ಚಲು, ಮೆಟ್ಟಿಲು ಸಿದ್ಧವಿದ್ದವು. ಉಳಿದದ್ದನ್ನು ಅವರೇ ಕೈಲಾದಂತೆ ಸೇರಿಸಿಕೊಂಡರು. ಊರಾಚೆಯ ಇಡೀ ಮನೆಗಿಂತ ಕೆಲಸಕ್ಕೂ ಶಾಲೆಗೂ ಹತ್ತಿರದ ಅರ್ಧ ಮನೆ ಮೇಲು ಎಂದೇ ನನಗೂ ಅನ್ನಿಸುತ್ತದೆ. ಆದರೆ ಮುಂದೆ ಗೋಡೆ ಎದ್ದಾಗ ಯಾವ ಕಿಟಕಿ ಮುಚ್ಚಿಹೋಗುತ್ತದೆ ಎಂಬುದನ್ನು ಅಂಥ ನಕ್ಷೆ ಮೊದಲೇ ಯೋಚಿಸಿರಬೇಕು.

ಗುದ್ದಲಿಪೂಜೆಗೂ ಮುನ್ನ ಒಮ್ಮೆ ಅಲ್ಲಿ ವಾಸಿಸಲಿರುವ ಹೆಂಗಸರನ್ನು ಕೂರಿಸಿಕೊಂಡು ಕೇಳಿ: ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ?