ಮೇಲ್ಪಂಕ್ತಿ

ನಾವು ಓದುವಾಗ ಕಾಪಿ ಪುಸ್ತಕದ ಮೊದಲ ಸಾಲು ಮೇಷ್ಟ್ರದು. ಅದೇ ಮೇಲ್ಪಂಕ್ತಿ. ಎರಡನೆಯ ಸಾಲನ್ನು ಮೇಷ್ಟ್ರ ಅಕ್ಷರ ನೋಡಿಕೊಂಡು ಬರೆಯುತ್ತಿದ್ದೆ. ಮೂರನೆಯದನ್ನು ನನ್ನದೇ ಎರಡನೆಯದನ್ನು ನೋಡಿಕೊಂಡು. ಹತ್ತನೆಯ ಸಾಲಿಗೆ ಬರುವ ಹೊತ್ತಿಗೆ ‘ಣ’ ಸೊಂಟ ಉಳುಕಿಸಿಕೊಂಡು ಮಲಗಿರುತ್ತಿತ್ತು.

ವಕೀಲರು ಇದನ್ನೇ ಪೂರ್ವನಿದರ್ಶನ ಎನ್ನುತ್ತಾರೆ. ಇಂಗ್ಲಿಷಿನ precedent ಪದವನ್ನು ಕನ್ನಡದಲ್ಲಿ ‘ಪ್ರೆಸಿಡೆಂಟ್’ ಎಂದು ಬರೆದರೆ ಸಂಘದ ಅಧ್ಯಕ್ಷರು ತಮ್ಮನ್ನೇ ಕರೆದರೆಂದು ಎದ್ದು ನಿಲ್ಲುವ ಅಪಾಯವಿದೆ. ‘ಮಾಮೂಲು’ ಎಂಬ ಒಳ್ಳೆಯ ಪದವಿತ್ತು, ರೂಢಿ ಎಂಬ ಅರ್ಥದ್ದು. ಅದು ಮೇಜಿನ ಕೆಳಗೆ ಹೋಗಿ ಕೆಟ್ಟಿತು.

ಕಬ್ಬನ್ ಉದ್ಯಾನದ ಅಂಚಿನ ಕೆಂಪು ಅಠಾರ ಕಚೇರಿಯಲ್ಲಿ, ಅಂದರೆ ನಮ್ಮ ಹೈಕೋರ್ಟಿನಲ್ಲಿ, ನಡೆಯುವ ವಾದಗಳಲ್ಲಿ ಅರ್ಧ ‘ಹಿಂದೆ ಹೀಗೆ ತೀರ್ಪಾಗಿದೆ ಸ್ವಾಮಿ’ ಎಂಬುದು, ಇನ್ನರ್ಧ ‘ಆ ಪ್ರಕರಣದ ಸಂಗತಿಗಳೇ ಬೇರೆ ಸ್ವಾಮಿ’ ಎಂಬುದು. ಸಂವಿಧಾನದ 141ನೆಯ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ. 1989ರಲ್ಲಿ ನಮ್ಮ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆಯಿತು. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಹೋದ ಕುರ್ಚಿ ಬರಲಿಲ್ಲ. ಆದರೆ ಯಾವ ರಾಜ್ಯದ ಸರ್ಕಾರ ಅಲ್ಲಾಡಿದರೂ ಇಂದಿಗೂ ‘ಬೊಮ್ಮಾಯಿ ಪ್ರಕರಣ’ ಎನ್ನುತ್ತಾರೆ. ಇದು ಮೇಷ್ಟ್ರ ಸಾಲು.

ನನ್ನದು ಹತ್ತನೆಯ ಸಾಲಿನ ಕಥೆ. ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದಾಗ ಎರಡನೆಯ ಮಹಡಿಯ ಅಜ್ಜಿ ತುಳಸಿ ಕುಂಡವನ್ನು ಮನೆ ಮುಂದಿನ ಕಾರಿಡಾರಿನಲ್ಲಿ ಇಡಲು ಕೇಳಿದರು. “ಒಳಗೆ ಬಿಸಿಲೇ ಬರುವುದಿಲ್ಲವಪ್ಪ.” ತುಳಸಿಗೆ ಇಲ್ಲವೆನ್ನುವ ಕಾರ್ಯದರ್ಶಿ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಇದೊಂದು ಸಲ, ಎಂದೆ. ವಾರದೊಳಗೆ ಎದುರುಮನೆಯವರ ಚಪ್ಪಲಿ ಸ್ಟ್ಯಾಂಡ್ ಬಂತು: “ಅಜ್ಜಿಗೆ ಕೊಟ್ಟಿದ್ದೀರಲ್ಲ ಸಾರ್?” ಮೇಲಿನ ಮನೆಯ ಸೈಕಲ್ಲು ತುಳಸಿಯ ಹೆಸರೆತ್ತಲಿಲ್ಲ, ಚಪ್ಪಲಿ ಸ್ಟ್ಯಾಂಡಿನ ಆಧಾರದ ಮೇಲೆ ಬಂದು ನಿಂತಿತು. ಸೈಕಲ್ಲನ್ನು ನೋಡಿ ಟವೆಲ್ ಒಣಗಿಸಲಷ್ಟೇ ಬಳಕೆಯಾಗುವ ವ್ಯಾಯಾಮದ ಸೈಕಲ್ಲು. ಕೊನೆಗೆ ವಾಷಿಂಗ್ ಮಷೀನು.

ನಾನೇನು ಸಾಚಾ ಅಲ್ಲ. ಬ್ಯಾಂಕಿನ ಕಿಟಕಿಯ ಈಚೆ ನಿಂತಾಗ ‘ಹೋದ ಸಲ ಮಾಡಿಕೊಟ್ಟಿದ್ದಿರಲ್ಲ’ ಎಂದು ರಾಗ ಎಳೆಯುವವನೂ ನಾನೇ. ಸಂಘದ ಮೇಜಿನ ಆಚೆ ಕೂತಾಗ ‘ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಬಂದು ನಿಲ್ಲುತ್ತಾರೆ’ ಎನ್ನುವವನೂ ನಾನೇ.

ವಾಷಿಂಗ್ ಮಷೀನಿನ ಅರ್ಜಿ ಹಿಡಿದು ಯೋಚಿಸುತ್ತಿದ್ದಾಗ ಸರ್ಕಾರಿ ಆದೇಶಗಳ ಕೊನೆಯ ಸಾಲು ನೆನಪಾಯಿತು. ಪುಣ್ಯಾತ್ಮರು ಯಾರು ಕಂಡುಹಿಡಿದರೋ! ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆದೆ: ‘ವಿಶೇಷ ಪ್ರಕರಣವೆಂದು ಅನುಮತಿಸಿದೆ. ಇದನ್ನು ಮೇಲ್ಪಂಕ್ತಿಯೆಂದು ಪರಿಗಣಿಸತಕ್ಕದ್ದಲ್ಲ.’ ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಮುಂದಿನ ತಿಂಗಳು ಮೂರನೆಯ ಮಹಡಿಯಿಂದ ಅರ್ಜಿ: ‘ಕೆಳಗಿನ ಮನೆಯವರಿಗೆ ಬರೆದುಕೊಟ್ಟಂತೆಯೇ, ಇದು ಮೇಲ್ಪಂಕ್ತಿಯಲ್ಲ ಎಂದು ಬರೆದು ನಮಗೂ ಅನುಮತಿ ಕೊಡಬೇಕಾಗಿ ವಿನಂತಿ.’