ಮೂರನೇ ಕೈ ಎಲ್ಲಿಂದ ತರೋದು?

ಹಾಯಿದೋಣಿಯವರಲ್ಲಿ ಒಂದು ಹಳೇ ಮಾತಿದೆ: ಒಂದು ಕೈ ದೋಣಿಗೆ, ಒಂದು ಕೈ ನಿನಗೆ. ಅಂದರೆ ಒಂದು ಕೈಯಲ್ಲಿ ಕೆಲಸ ಮಾಡುತ್ತಿರು, ಇನ್ನೊಂದರಲ್ಲಿ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡಿರು ಅಂತ. ಪುಟ್ಟ ಯಾಟಿನಲ್ಲಿ ಒಬ್ಬರೇ ಹೊರಟರೆ ಈ ಲೆಕ್ಕ ಚಹಾ ಮಾಡುವ ಹೊತ್ತಿಗೇ ಕೈಕೊಡುತ್ತದೆ.

ಗಾಳಿ ಮಗ್ಗುಲಿನಿಂದ ಬೀಸಿದರೆ ದೋಣಿ ವಾಲಿಕೊಂಡೇ ಓಡುತ್ತದೆ. 20 ಡಿಗ್ರಿ ವಾಲುವುದೆಲ್ಲ ಮಾಮೂಲಿ. ಅದಕ್ಕೇ ಒಲೆಯನ್ನು ಗಿಂಬಲ್ ಅನ್ನುವ ತೂಗಾಡುವ ಆಸರೆಯ ಮೇಲೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟಸವಾಗಿರುತ್ತದೆ, ಮೇಲೆ ಕೆಟಲ್ ಸುಮ್ನೆ ಕೂತಿರುತ್ತದೆ. ಇಡೀ ದೋಣಿಯಲ್ಲಿ ನೆಟ್ಟಗಿರುವುದು ಅದೊಂದೇ. ಕಪ್ಪಿಗೆ ಗಿಂಬಲ್ ಇಲ್ಲ. ನನಗೂ ಇಲ್ಲ.

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಒಂದು ಕೈಯಲ್ಲಿ ಕೆಟಲ್, ಇನ್ನೊಂದರಲ್ಲಿ ಕಪ್ ಹಿಡಿದೆ ಅನ್ನಿ. ಸಕ್ಕರೆ ಡಬ್ಬಿ ಆ ಗಳಿಗೆಗೇ ಕಾಯುತ್ತಿರುತ್ತದೆ. ಅಲೆ ಬಂತು, ಡಬ್ಬಿ ಹೊರಟಿತು. ಕಾಲಲ್ಲಿ ತಡೆದೆ. ಮುಚ್ಚಳ ಹಾರಿತು. ಸಕ್ಕರೆಯೆಲ್ಲ ನೆಲದ ಹಲಗೆಗಳ ಸಂದಿಯಲ್ಲಿ ಇಳಿದು ದೋಣಿಯ ತಳ ಸೇರಿತು. ಮುಕ್ಕಾಲು ಚಹಾ ತೋಳು ಕುಡಿಯಿತು, ಉಳಿದದ್ದು ನಾನು.

ಅದೇ ತಳದಲ್ಲಿ ಊಟದ ಡಬ್ಬಿಗಳೂ ಇರುತ್ತವೆ. ಅಲ್ಲಿ ಸದಾ ಒಂದಿಷ್ಟು ನೀರು. ಡಬ್ಬಿಗೆ ಅಂಟಿಸಿದ ಕಾಗದ ನೆಂದು ಕಳಚಿಕೊಂಡರೆ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಲ್ಲವರು ಕಾಗದವನ್ನು ಮೊದಲೇ ಕಿತ್ತುಹಾಕಿ, ಮಾರ್ಕರಿನಲ್ಲಿ ಮುಚ್ಚಳದ ಮೇಲೆ ಬರೆದಿಡುತ್ತಾರೆ. ನಾನೂ ಬರೆದಿದ್ದೆ. ಡಬ್ಬಿಗಳು ಹಗಲೂ ರಾತ್ರಿ ಒಂದಕ್ಕೊಂದು ಮೈ ಉಜ್ಜಿಕೊಂಡು ಅದನ್ನೂ ಅಳಿಸಿದವು. ಬೀನ್ಸ್ ಇರಬೇಕು ಅಂತ ಈರುಳ್ಳಿ ಹುರಿದು ಡಬ್ಬಿ ಒಡೆದರೆ ಒಳಗೆ ಪೀಚ್ ಹಣ್ಣು! ಹುರಿದ ಈರುಳ್ಳಿಯನ್ನು ಸಮುದ್ರಕ್ಕೆ ಎಸೆಯಲು ಮನಸ್ಸು ಬರಲ್ಲ, ಅಲ್ವಾ? ಎರಡೂ ಸೇರಿಸಿಯೇ ತಿಂದೆ. ರುಚಿಯ ಬಗ್ಗೆ ಕೇಳಬೇಡಿ.

ನಿದ್ದೆಯ ಕಥೆ ಬೇರೆ. ದಿಗಂತದಲ್ಲಿ ಕಂಡ ದೊಡ್ಡ ಹಡಗು 15–20 ನಿಮಿಷದಲ್ಲಿ ಮೈಮೇಲೇ ಬಂದಿರಬಹುದು. ಹಡಗುಗಳ ಓಡಾಟ ಜಾಸ್ತಿ ಇರುವ ಕಡೆ ಅಷ್ಟು ಹೊತ್ತಿಗೊಮ್ಮೆ ಟೈಮರ್ ಇಟ್ಟುಕೊಂಡು ಎದ್ದು, ಸುತ್ತ ನೋಡಿ, ಮತ್ತೆ ಮಲಗಬೇಕು. 1895ರಿಂದ 1898ರವರೆಗೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. ಅವರು ಚುಕ್ಕಾಣಿ ಕಟ್ಟಿಟ್ಟು ಮಲಗಿದರೆ ದೋಣಿ ತನ್ನ ಪಾಡಿಗೆ ಸಾಗುತ್ತಿತ್ತು. ಬೀಪ್ ಅನ್ನುವ ಒಂದು ವಸ್ತುವೂ ಅವರ ಬಳಿ ಇರಲಿಲ್ಲ. ಪುಣ್ಯವಂತರು.

ನನ್ನ ಹತ್ತಿರ ಟೈಮರ್ ಇದೆ, ಆಟೋಪೈಲಟ್ ಇದೆ, ಹಡಗು ಹತ್ತಿರ ಬಂದರೆ ಎಚ್ಚರಿಸುವ ಎಐಎಸ್ ಇದೆ. ಎಲ್ಲದರದ್ದೂ ಒಂದೇ ಬೀಪ್. ಮೊನ್ನೆ ನಡುರಾತ್ರಿ ಬೀಪ್ ಕೇಳಿ ಎದ್ದೆ. ಟೈಮರ್ ಅಲ್ಲ. ಹೊರಗೆ ಇಣುಕಿದರೆ ಹಡಗೂ ಇಲ್ಲ. ಆಟೋಪೈಲಟ್ ನೆಟ್ಟಗೇ ನಡೆಸುತ್ತಿದೆ. ಮತ್ತೆ ಬೀಪ್. ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕಿದ ಮೇಲೆ ಸಿಕ್ಕಿದ್ದು ಹೊಗೆಯ ಅಲಾರಂ. ಹೊಗೆಯೇನೂ ಇರಲಿಲ್ಲ. ಅದರ ಸೆಲ್ ಮುಗಿದಿತ್ತು, ಪಾಪ, ಅದನ್ನೇ ಹೇಳುತ್ತಿತ್ತು. ಹೊಸ ಸೆಲ್ ಹುಡುಕಿ ಹಾಕಿ, ಹಾಸಿಗೆಗೆ ಬಂದು ಹೊದಿಕೆ ಎಳೆದುಕೊಂಡೆ. ಟೈಮರ್ ಕೂಗಿತು.